ಮುಷ್ಟಿಗಿಂತ ಮೊದಲು ಪಾದ

ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದು ದಾಸರಹಳ್ಳಿಯ ಹತ್ತಿರ ಬಾಗಲಗುಂಟೆಯ ಕಡೆಗೆ ತಿರುಗಿದರೆ, ಪೀಣ್ಯದ ಯಂತ್ರಗಳನ್ನು ನಡೆಸುವ ಕೈಗಳು ರಾತ್ರಿ ಎಲ್ಲಿ ಮಲಗುತ್ತವೆಂಬುದು ಗೊತ್ತಾಗುತ್ತದೆ. ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆದದ್ದು 1970ರ ದಶಕದಿಂದೀಚೆಗೆ. ದಾಸರಹಳ್ಳಿಯ ಸೀಮೆ ಬೃಹತ್ ಬೆಂಗಳೂರಿನೊಳಗೆ ಸೇರಿದ್ದು 2007ರಲ್ಲಿ. ಲೇತ್ ಮೆಷಿನ್ನಿನ ಮುಂದೆ ನಿಲ್ಲುವ ಹುಡುಗರು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಗೂಡ್ಸ್ ಆಟೊ ಓಡಿಸುವವರು, ಇವರೆಲ್ಲರ ಬಾಡಿಗೆ ಮನೆಗಳ ನಡುವೆ ಈಗ ಅಂಗಡಿ ಸಾಲಿನ ಮೇಲ್ಮಹಡಿಗಳಲ್ಲಿ ಜಿಮ್‌ಗಳು ಬಂದಿವೆ. ಕೆಲವದರ ಮೂಲೆಯಲ್ಲಿ ಸರಪಳಿಗೆ ಕಟ್ಟಿದ ಚೀಲವೊಂದು ತೂಗಾಡುತ್ತದೆ. ಪಾಳಿ ಮುಗಿಸಿ ಬಂದ ಹುಡುಗ ಕೈಗೆ ಪಟ್ಟಿ ಸುತ್ತಿಕೊಂಡು ಆ ಚೀಲಕ್ಕೆ ಗುದ್ದುತ್ತಾನೆ.

ಹೊಸಬನ ಗುದ್ದನ್ನು ಯಾರು ಬೇಕಾದರೂ ಗುರುತಿಸಬಹುದು. ಅವನ ಕೈ ಮುಂದಕ್ಕೆ ಹೋಗುತ್ತದೆ, ಕೈಯ ಹಿಂದೆ ತಲೆ ಹೋಗುತ್ತದೆ, ತಲೆಯ ಹಿಂದೆ ಮೈಯೆಲ್ಲ ವಾಲುತ್ತದೆ. ಚೀಲ ಅಲ್ಲಿರುವುದರಿಂದ ಅವನು ಬೀಳುವುದಿಲ್ಲ, ಅಷ್ಟೆ. ಎದುರಿಗೆ ಮನುಷ್ಯನಿದ್ದು ಅವನು ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದನೆಂದರೆ ಗುದ್ದಿದವನೇ ಮುಗ್ಗರಿಸುತ್ತಾನೆ. ಬಾಕ್ಸಿಂಗ್ ಕಲಿಸುವವರು ಎಲ್ಲ ದೇಶಗಳಲ್ಲೂ ಮೊದಲು ತಿದ್ದುವುದು ಕಾಲನ್ನು. ಮುಷ್ಟಿಯ ವಿಷಯ ಆಮೇಲೆ.

ಕನ್ನಡದಲ್ಲಿ ಇದಕ್ಕೊಂದು ಒಳ್ಳೆಯ ಮಾತಿದೆ: ನಿಲುವು. ಮೈ ನಿಂತಿರುವ ಬಗೆಗೂ ನಿಲುವು ಎನ್ನುತ್ತೇವೆ, ಮನುಷ್ಯ ಒಂದು ವಿಷಯದಲ್ಲಿ ತಳೆದ ಅಭಿಪ್ರಾಯಕ್ಕೂ ನಿಲುವು ಎನ್ನುತ್ತೇವೆ. ಉರ್ದುವಿನ ‘ಮೌಖಿಫ್’ ಕೂಡ ನಿಲ್ಲುವುದು ಎಂಬ ಅರ್ಥದ ಅರಬಿ ಮೂಲದಿಂದಲೇ ಬಂದದ್ದು. ಅಖಾಡದಲ್ಲಿ ಕಾಲಿಡುವ ಬಗೆಗೆ ಉರ್ದುವಿನಲ್ಲಿ ‘ಪೈಂತರಾ’ ಎಂಬ ಬೇರೆಯೇ ಪದವಿದೆ. ಪೈಂತರಾ ಬದಲಿಸುವುದು ಎಂದರೆ ಮಾತಿನಲ್ಲಿ ವರಸೆ ಬದಲಿಸುವುದು ಎಂದೂ ಆಗುತ್ತದೆ. ಎರಡು ಭಾಷೆಗಳೂ ಪಾದಕ್ಕೂ ಮನಸ್ಸಿಗೂ ಒಂದೇ ಪದವನ್ನು ಕೊಟ್ಟಿರುವುದು ನಮಗೆ ಆಕಸ್ಮಿಕವೆಂದು ತೋರುವುದಿಲ್ಲ.

ಈ ನಿಲುವಿನ ಒಳಗುಟ್ಟೇನು? ಬಲಗೈ ರೂಢಿಯವನು ಎಡಗಾಲನ್ನು ಮುಂದಿಟ್ಟು, ಬಲಗಾಲನ್ನು ಒಂದು ಹೆಜ್ಜೆ ಹಿಂದೆ ಮತ್ತು ಕೊಂಚ ಬಲಕ್ಕೆ ಇಡುತ್ತಾನೆ. ಎರಡು ಪಾದಗಳೂ ಒಂದೇ ಗೆರೆಯ ಮೇಲೆ ಬಂದರೆ ಪಕ್ಕದಿಂದ ತಳ್ಳಿದವನ ಕೈಗೆ ಬೀಳುತ್ತಾನೆ. ಎದುರಾಳಿಗೆ ಎದೆ ಕೊಟ್ಟು ಪಾದಗಳನ್ನು ಸಮನಾಗಿ ಇಟ್ಟರೆ ಮುಂದಿನಿಂದ ಬಂದ ಪೆಟ್ಟಿಗೆ ಹಿಂದಕ್ಕೆ ಬೀಳುತ್ತಾನೆ. ಹೀಗಾಗಿ ಓರೆಯಾಗಿ ನಿಲ್ಲಬೇಕು. ಮೊಣಕಾಲು ಸ್ವಲ್ಪ ಬಾಗಿರಬೇಕು, ಹಿಂದಿನ ಹಿಮ್ಮಡಿ ನೆಲದಿಂದ ತುಸು ಎದ್ದಿರಬೇಕು, ಮೈಭಾರ ಎರಡು ಪಾದಗಳ ನಡುವೆ ಇರಬೇಕು. ಗದ್ದ ಒಳಕ್ಕೆ, ಕೈಗಳು ಕೆನ್ನೆಯ ಹತ್ತಿರ.

ಎಡಗೈಯ ನೇರ ಗುದ್ದಿಗೆ, ಅಂದರೆ ಜ್ಯಾಬ್‌ಗೆ, ಮುಂದಿನ ಕಾಲು ಚಿಕ್ಕ ಹೆಜ್ಜೆಯಿಟ್ಟು ಜೊತೆಕೊಡುತ್ತದೆ. ಬಲಗೈಯ ಗುದ್ದು ಹೊರಡುವುದು ಬಲಪಾದದ ಹೆಬ್ಬೆರಳ ಬುಡದಿಂದ. ಪಾದ ನೆಲವನ್ನು ಒತ್ತುತ್ತಾ ತಿರುಗುತ್ತದೆ, ಸೊಂಟ ತಿರುಗುತ್ತದೆ, ಹೆಗಲು ತಿರುಗುತ್ತದೆ, ಕೊನೆಯಲ್ಲಿ ಕೈ ಚಾಚುತ್ತದೆ. ಕೈ ಹೋದ ದಾರಿಯಲ್ಲೇ ಮರಳಿ ಕೆನ್ನೆಗೆ ಬರಬೇಕು. ಮೂಗು ಮುಂದಿನ ಮೊಣಕಾಲನ್ನು ದಾಟಿ ಹೋಗಬಾರದು. ನಡೆಯುವಾಗ ಒಂದು ಕಾಲು ಇನ್ನೊಂದನ್ನು ಅಡ್ಡಹಾಯಬಾರದು: ಎಡಕ್ಕೆ ಹೋಗುವವನು ಎಡಗಾಲನ್ನು, ಬಲಕ್ಕೆ ಹೋಗುವವನು ಬಲಗಾಲನ್ನು ಮೊದಲು ಎತ್ತಬೇಕು. ಸೋವಿಯತ್ ಸಂಶೋಧಕರು 1985ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಬಲಗೈಯ ನೇರ ಗುದ್ದಿನ ಶಕ್ತಿಯಲ್ಲಿ ಕಾಲಿನ ಪಾಲೆಷ್ಟು ಎಂದು ಲೆಕ್ಕ ಹಾಕಿದರು. ನುರಿತವರಲ್ಲಿ ಅದು ಶೇಕಡಾ 38ರಷ್ಟಿತ್ತು, ಎಳೆಯ ಕಲಿಕೆಯವರಲ್ಲಿ ಶೇಕಡಾ 17ರ ಆಸುಪಾಸು. ಹೊಸಬ ಕೈಯಿಂದ ಹೊಡೆಯುತ್ತಾನೆ, ಪಳಗಿದವನು ನೆಲದಿಂದ ಹೊಡೆಯುತ್ತಾನೆ. ಪೀಣ್ಯದ ಶೆಡ್ಡಿನಲ್ಲಿ ದೊಡ್ಡ ಸುತ್ತಿಗೆ ಎತ್ತಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಮುಷ್ಟಿಕಾಳಗ ಇಂಗ್ಲಿಷರು ತಂದ ಆಟ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಕೈಗವಸು ತೊಟ್ಟ ಬಾಕ್ಸಿಂಗ್ ಅವರು ತಂದದ್ದು ನಿಜ. ಮುಷ್ಟಿಯಿಂದ ಹೊಡೆಯುವ ವಿದ್ಯೆ ಮಾತ್ರ ಕನ್ನಡ ನೆಲದಲ್ಲಿ ಅದಕ್ಕಿಂತ ಬಹಳ ಹಳೆಯದು. ಕಲ್ಯಾಣದ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದ, ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದ. ಅದರಲ್ಲಿ ಮಲ್ಲರಿಗೇ ಮೀಸಲಾದ ಭಾಗವಿದೆ. ಮಲ್ಲರನ್ನು ವಯಸ್ಸು, ಬಲ, ಅನುಭವಗಳಿಗೆ ತಕ್ಕಂತೆ ವಿಂಗಡಿಸಿ, ಅವರ ಆಹಾರ ಮತ್ತು ಸಾಧನೆಗಳನ್ನು ಅಲ್ಲಿ ಹೇಳಲಾಗಿದೆ. ಭಾರ ಎತ್ತುವುದು, ನಡೆಯುವುದು, ನೀರಿನಲ್ಲಿ ಈಜುವುದು, ಕಂಬದ ಮೇಲಿನ ಸಾಧನೆ ಇವೆಲ್ಲ ಆ ಪಟ್ಟಿಯಲ್ಲಿವೆ. ಮೇಲ್ದರ್ಜೆಯ ಮಲ್ಲನಿಗೆ ಅಲ್ಲಿ ‘ಜ್ಯೇಷ್ಠಿಕ’ ಎಂಬ ಹೆಸರು. ನಮ್ಮ ‘ಜಟ್ಟಿ’ ಇದೇ ಮೂಲದ ಮಾತು.

ಅಲ್ಲಿಂದ ನಾಲ್ಕು ನೂರು ವರ್ಷ ಮುಂದೆ ಬಂದರೆ ವಿಜಯನಗರ. 1520ರ ಸುಮಾರಿಗೆ ಕೃಷ್ಣದೇವರಾಯನ ರಾಜಧಾನಿಯಲ್ಲಿ ಮಹಾನವಮಿ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಇಲ್ಲಿನ ಜಟ್ಟಿಗಳ ಕಾಳಗ ತಮ್ಮ ದೇಶದ ಕುಸ್ತಿಯಂತಿಲ್ಲ ಎಂದು ಬರೆದ. ಹಲ್ಲು ಮುರಿಯುವ, ಕಣ್ಣು ಹೋಗುವ, ಮುಖ ವಿಕಾರವಾಗುವ ಹೊಡೆತಗಳನ್ನು ಅವನು ಕಂಡ. ಮಾತೇ ನಿಂತುಹೋದವರನ್ನು ಗೆಳೆಯರು ಹೊತ್ತೊಯ್ಯುವುದನ್ನೂ ಕಂಡ. ಸುಮಾರು ಹದಿನೈದು ವರ್ಷದ ನಂತರ ಬಂದ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಇನ್ನೂ ಸ್ಪಷ್ಟವಾಗಿ ಬರೆದಿದ್ದಾನೆ: ರಾಜನ ಬಳಿ ಸಾವಿರ ಜಟ್ಟಿಗಳಿದ್ದರು, ಕೈಯಲ್ಲಿ ಮೊನೆಯಿರುವ ಬಳೆಯಂಥ ಸಾಧನ ಹಿಡಿದು ಒಬ್ಬರನ್ನೊಬ್ಬರು ಗಾಯಗೊಳಿಸುತ್ತಿದ್ದರು, ಹೆಚ್ಚು ಗಾಯವಾದವನಿಗೆ ರಾಜ ರೇಷ್ಮೆ ಬಟ್ಟೆ ಕೊಡುತ್ತಿದ್ದ. ಈ ಕೊನೆಯ ವಿವರದ ಮುಂದೆ ಸ್ವಲ್ಪ ನಿಲ್ಲಬೇಕು. ಬಹುಮಾನ ಹೋಗುತ್ತಿದ್ದುದು ಹೆಚ್ಚು ರಕ್ತ ಸುರಿಸಿದವನಿಗೆ. ಆಟ ನೋಡುವವರಿಗೆ ಬೇಕಿದ್ದುದು ಏನೆಂಬುದು ಇದರಿಂದ ತಿಳಿಯುತ್ತದೆ.

ವಿಜಯನಗರದ ಮಹಾನವಮಿ 1610ರಲ್ಲಿ ರಾಜ ಒಡೆಯರ ಕಾಲಕ್ಕೆ ಶ್ರೀರಂಗಪಟ್ಟಣದಲ್ಲಿ ದಸರೆಯಾಗಿ ಮುಂದುವರಿಯಿತು. ಜಟ್ಟಿಗಳೂ ಮುಂದುವರಿದರು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲೂ ಅವರಿಗೆ ಆಸ್ಥಾನದಲ್ಲಿ ಸ್ಥಾನವಿತ್ತು. ಇದನ್ನು ತಿಳಿಸುವ ದಾಖಲೆಗಳಲ್ಲಿ ಮುಖ್ಯವಾದುದು ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ಸೆರೆಯಾಳಿನ ಬರಹ. ಹುಡುಗನಾಗಿದ್ದಾಗ ಸಿಕ್ಕಿಬಿದ್ದು ಸುಮಾರು ಹತ್ತು ವರ್ಷ ಮೈಸೂರಿನವರ ವಶದಲ್ಲಿದ್ದವನು ಅವನು. ಅವನ ಕಥನ 1824ರಲ್ಲಿ ಪುಸ್ತಕವಾಯಿತು. ಒಂದು ಗರಡಿಯವರಿಗೆ ಇನ್ನೊಂದು ಗರಡಿಯವರನ್ನು ಜೋಡಿ ಮಾಡುತ್ತಿದ್ದರು, ತಲೆ ಬೋಳಿಸಿ ಮೈಗೆ ಎಣ್ಣೆ ಹಚ್ಚಿರುತ್ತಿತ್ತು, ಬಲಗೈಗೆ ನಾಲ್ಕು ಉಕ್ಕಿನ ಉಗುರುಗಳ ವಜ್ರಮುಷ್ಟಿ ಇರುತ್ತಿತ್ತು, ಕೊರಳಿನ ಹೂವನ್ನು ಎದುರಾಳಿಯ ಮುಖಕ್ಕೆ ಎಸೆದು ಕಾಳಗ ಶುರುಮಾಡುತ್ತಿದ್ದರು, ಚೆನ್ನಾಗಿ ಸೆಣಸಿದವರಿಗೆ ಪೇಟ, ಶಾಲು ಸಿಗುತ್ತಿದ್ದವು ಎನ್ನುತ್ತಾನೆ. ಹಿಂಜರಿದವರನ್ನು ಹಿಂದಿನಿಂದ ಆಯುಧ ಹಿಡಿದು ಮುನ್ನೂಕುತ್ತಿದ್ದರು ಎಂದೂ ಹೇಳುತ್ತಾನೆ. ಸೆರೆಯಲ್ಲಿ ನೊಂದವನು, ಟಿಪ್ಪುವಿನ ಶತ್ರುಗಳ ಓದಿಗಾಗಿ ಬರೆದವನು ಎಂಬುದನ್ನು ನೆನಪಿನಲ್ಲಿಟ್ಟು ಅವನ ಮಾತನ್ನು ಓದಬೇಕು. ಟಿಪ್ಪುವನ್ನು ಕ್ರೂರಿ ಎಂದು ತೋರಿಸಲು ಈ ಪುಟವನ್ನು ಎತ್ತಿಕೊಳ್ಳುವವರು ಪಾಯಸ್, ನೂನಿಜರ ಪುಟಗಳನ್ನೂ ಪಕ್ಕದಲ್ಲಿಟ್ಟು ನೋಡಲಿ. ಟಿಪ್ಪುವನ್ನು ಕಾಯಲು ಬಯಸುವವರೂ ಹಾಗೆಯೇ ಮಾಡಲಿ. ದೊರೆಯ ಧರ್ಮ ಬದಲಾದರೂ ಜಟ್ಟಿಯ ರಕ್ತ ಹರಿಯುವುದು ನಿಲ್ಲಲಿಲ್ಲ.

ವಜ್ರಮುಷ್ಟಿ ಕಾಳಗ ಇಂದಿಗೂ ಉಳಿದಿದೆ. ವಿಜಯದಶಮಿಯ ಬೆಳಿಗ್ಗೆ ಮೈಸೂರು ಅರಮನೆಯ ಒಳ ಆವರಣದಲ್ಲಿ, ಮಣ್ಣಿನ ಅಖಾಡದಲ್ಲಿ ಅದು ನಡೆಯುತ್ತದೆ. ಮೈಸೂರು, ಚನ್ನಪಟ್ಟಣ, ಚಾಮರಾಜನಗರ, ಬೆಂಗಳೂರುಗಳ ಜಟ್ಟಿ ಮನೆತನದವರು ಪೈಪೋಟಿಗೆ ಬರುತ್ತಾರೆ. ಒಬ್ಬನ ತಲೆಯಿಂದ ಮೊದಲ ರಕ್ತ ಕಂಡೊಡನೆ ಕಾಳಗ ನಿಲ್ಲುತ್ತದೆ. ಎಷ್ಟೋ ಸಲ ಒಂದು ನಿಮಿಷವೂ ಆಗಿರುವುದಿಲ್ಲ. ಪತ್ರಿಕೆಗಳಲ್ಲಿ ಮರುದಿನ ಬರುವ ಚಿತ್ರದಲ್ಲಿ ಬೋಳು ತಲೆ ಮತ್ತು ರಕ್ತ ಕಾಣುತ್ತವೆ. ಕಾಲನ್ನು ನೋಡಿದವರು ಕಡಿಮೆ. ನೋಡಬೇಕಾದದ್ದು ಅದನ್ನೇ. ಜಟ್ಟಿ ಬಾಕ್ಸರನಂತೆ ನೆಟ್ಟಗೆ ನಿಲ್ಲುವುದಿಲ್ಲ. ಸೊಂಟ ತಗ್ಗಿಸಿ, ಕಾಲು ಅಗಲಿಸಿ, ಎಡಗೈಯನ್ನು ಮುಂದೆ ಗುರಾಣಿಯಾಗಿ ಚಾಚಿ, ಬಲಗೈಯನ್ನು ಎತ್ತಿ ಹಿಡಿಯುತ್ತಾನೆ. ಇದಕ್ಕೆ ಕಾರಣ ಸರಳ. ಅವನ ಎದುರಾಳಿ ಹೊಡೆಯಲೂ ಬಲ್ಲ, ಹಿಡಿದು ಕೆಡವಲೂ ಬಲ್ಲ. ಕೆಡವುವ ಕೈಗೆ ಸಿಗದಿರಬೇಕಾದರೆ ಭಾರ ಕೆಳಗಿರಬೇಕು. ನೆಲವೂ ಮಣ್ಣು. ಹಲಗೆಯ ಮೇಲೆ ತಿರುಗುವಂತೆ ಪಾದ ಅಲ್ಲಿ ಸಲೀಸಾಗಿ ತಿರುಗುವುದಿಲ್ಲ.

ಆಟದ ನಿಯಮ ಬದಲಾದರೆ ನಿಲುವೂ ಬದಲಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಚರಿತ್ರೆಯೂ ಸಾಕ್ಷಿ. ಅಲ್ಲಿ 1743ರಲ್ಲಿ ಜ್ಯಾಕ್ ಬ್ರೌಟನ್ ನಿಯಮಗಳನ್ನು ಬರೆದಾಗ ಕೈಗವಸಿಲ್ಲದ ಬರಿಗೈ ಕಾಳಗವಿತ್ತು. ಹಿಡಿದು ಕೆಡವಲೂ ಅವಕಾಶವಿತ್ತು. ಅಂದಿನವರು ಹೆಚ್ಚಾಗಿ ಒಂದೇ ಜಾಗದಲ್ಲಿ ನಿಂತು ಗುದ್ದು ಕೊಟ್ಟು ಗುದ್ದು ತಿನ್ನುತ್ತಿದ್ದರು. ಅದನ್ನು ಬದಲಿಸಿದವನು ಡೇನಿಯಲ್ ಮೆಂಡೋಜಾ. ಲಂಡನ್ನಿನ ಬಡ ಯಹೂದಿ ಕುಟುಂಬದವನು, ಆ ಕಾಲದ ದೊಡ್ಡ ಮುಷ್ಟಿಗಾರರ ಮುಂದೆ ಹಗುರ ಮೈಯವನು. ಪಕ್ಕಕ್ಕೆ ಸರಿಯುವುದು, ತಲೆ ತಗ್ಗಿಸುವುದು, ಹೆಜ್ಜೆಯಿಂದ ದೂರವನ್ನು ಅಳೆಯುವುದು, ಇವನ್ನೆಲ್ಲ ಅವನು ವಿದ್ಯೆಯಾಗಿ ಬೆಳೆಸಿದ. ಹೇಡಿಯ ಆಟ ಎಂದು ಕೆಲವರು ಹೀಗಳೆದರು. 1788ರಲ್ಲಿ ರಿಚರ್ಡ್ ಹಂಫ್ರೀಸ್‌ನ ಎದುರು, ಒದ್ದೆ ಹಲಗೆಯ ಮೇಲೆ ಕಾಲು ಜಾರಿ ಪೆಟ್ಟಾಗಿ ಅವನು ಸೋತ. 1789ರಲ್ಲಿ ಮತ್ತು 1790ರಲ್ಲಿ ಅದೇ ಹಂಫ್ರೀಸ್‌ನನ್ನು ಸೋಲಿಸಿದ. 1789ರಲ್ಲೇ ಬಾಕ್ಸಿಂಗ್ ಕಲೆಯ ಬಗ್ಗೆ ತನ್ನದೇ ಪುಸ್ತಕ ಪ್ರಕಟಿಸಿದ. ಅವಮಾನದಲ್ಲಿ ಬದುಕುತ್ತಿದ್ದ ಒಂದು ಸಣ್ಣ ಸಮುದಾಯ ಅವನ ಗೆಲುವಿನಿಂದ ಬೀದಿಯಲ್ಲಿ ತಲೆಯೆತ್ತಿ ನಡೆಯಿತು.

1867ರಲ್ಲಿ ಕ್ವೀನ್ಸ್‌ಬರಿ ಹೆಸರಿನ ನಿಯಮಗಳು ಬಂದವು. ಕೈಗವಸು ಕಡ್ಡಾಯವಾಯಿತು, ಹಿಡಿದು ಕೆಡವುವುದು ನಿಂತಿತು, ಮೂರು ನಿಮಿಷದ ಸುತ್ತುಗಳು ಬಂದವು, ಬಿದ್ದವನು ಹತ್ತು ಸೆಕೆಂಡಿನಲ್ಲಿ ಏಳಬೇಕಾಯಿತು. ಕೆಡವುವವರಿಲ್ಲದ ಮೇಲೆ ಸೊಂಟವನ್ನು ಅಷ್ಟು ತಗ್ಗಿಸಿ ನಿಲ್ಲುವ ಅಗತ್ಯವಿರಲಿಲ್ಲ. ಗವಸು ಬೆರಳಿನ ಮೂಳೆಯನ್ನು ಕಾಯುವುದರಿಂದ ತಲೆಗೆ ಬೀಳುವ ಗುದ್ದುಗಳು ಹೆಚ್ಚಿದವು, ಕೈಗಳು ಕೆನ್ನೆಯ ಹತ್ತಿರಕ್ಕೆ ಏರಿದವು. ಇಂದು ಬಾಗಲಗುಂಟೆಯ ಹುಡುಗ ಕಲಿಯುವ ನಿಲುವು ಹೀಗೆ ಆ ನಿಯಮಗಳ ಕೂಸು.

ನಿಲುವು ಎಂಬ ಪದದ ಎರಡೂ ಅರ್ಥಗಳನ್ನು ಒಂದೇ ಬದುಕಿನಲ್ಲಿ ತೋರಿಸಿದವನು ಮುಹಮ್ಮದ್ ಅಲಿ. 1942ರಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ಹುಟ್ಟಿ, 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು, 1964ರಲ್ಲಿ ಸನ್ನಿ ಲಿಸ್ಟನ್‌ನನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದ. ಶಾಸ್ತ್ರದ ಪ್ರಕಾರ ಅವನ ನಿಲುವಿನಲ್ಲಿ ತಪ್ಪುಗಳಿದ್ದವು. ಕೈಗಳು ಸೊಂಟದ ಬಳಿ ತೂಗುತ್ತಿದ್ದವು. ಗುದ್ದು ಬಂದಾಗ ತಲೆಯನ್ನು ನೇರ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಬೇರೆಯವರು ಹಾಗೆ ಮಾಡಿದರೆ ಗದ್ದ ಒಡೆಯುತ್ತದೆ. ಅಲಿಯ ಕಾಲುಗಳು ಅವನನ್ನು ಅಷ್ಟರಲ್ಲಿ ದೂರಕ್ಕೆ ಒಯ್ದಿರುತ್ತಿದ್ದವು. 1967ರ ಏಪ್ರಿಲ್ 28ರಂದು ಹೂಸ್ಟನ್ನಿನಲ್ಲಿ ಸೇನೆಗೆ ಸೇರಲು ಹೆಸರು ಕರೆದಾಗ ಆ ಕಾಲುಗಳು ಮಾತ್ರ ಕದಲಲಿಲ್ಲ. ವಿಯೆಟ್ನಾಂ ಯುದ್ಧಕ್ಕೆ ಹೋಗಲು ನಿರಾಕರಿಸಿದ್ದಕ್ಕೆ ಪಟ್ಟ ಹೋಯಿತು, ಪರವಾನಗಿ ಹೋಯಿತು, ಐದು ವರ್ಷದ ಶಿಕ್ಷೆ ಬಿತ್ತು. ಮೇಲ್ಮನವಿಯಿಂದ ಜೈಲು ತಪ್ಪಿದರೂ ಮೂರೂವರೆ ವರ್ಷ ಅಖಾಡ ತಪ್ಪಿತು. 1971ರ ಜೂನ್ 28ರಂದು ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದುಮಾಡಿತು. ಮರಳಿ ಬಂದ ಅಲಿಯ ಕಾಲುಗಳಲ್ಲಿ ಹಳೆಯ ವೇಗವಿರಲಿಲ್ಲ. 1974ರಲ್ಲಿ ಕಿನ್ಶಾಸಾದಲ್ಲಿ ಜಾರ್ಜ್ ಫೋರ್‌ಮನ್‌ನ ಎದುರು ಅವನು ಹಗ್ಗಕ್ಕೆ ಒರಗಿ ನಿಂತ. ಫೋರ್‌ಮನ್‌ನ ಗುದ್ದಿನ ಭಾರವನ್ನು ಹಗ್ಗ ಹೀರಿತು. ಗುದ್ದಿ ಗುದ್ದಿ ದಣಿದು ಸಮತೋಲ ಕಳೆದುಕೊಂಡವನನ್ನು ಎಂಟನೆಯ ಸುತ್ತಿನಲ್ಲಿ ಅಲಿ ಕೆಡವಿದ. ಅಲಿ 1980ರಲ್ಲಿ ಭಾರತಕ್ಕೂ ಬಂದಿದ್ದ. ದೆಹಲಿಯಲ್ಲಿ ನಮ್ಮ ಕೌರ್ ಸಿಂಗ್ ಅವನೊಡನೆ ಪ್ರದರ್ಶನ ಪಂದ್ಯ ಆಡಿದರು.

ಆ ಗೆಲುವುಗಳಿಗೆ ಬೆಲೆಯೂ ಇತ್ತು. 1984ರಲ್ಲಿ ಅಲಿಗೆ ಪಾರ್ಕಿನ್ಸನ್ ಕಾಯಿಲೆ ಇರುವುದು ಗೊತ್ತಾಯಿತು. 2016ರಲ್ಲಿ ತೀರಿಹೋಗುವ ತನಕ ಅದು ಅವನ ಮಾತನ್ನು, ನಡಿಗೆಯನ್ನು, ಮೈಯ ಸಮತೋಲವನ್ನು ಒಂದೊಂದಾಗಿ ಕಸಿಯಿತು. ಹೊಡೆತಗಳೇ ಅದಕ್ಕೆ ಕಾರಣವೇ ಎಂಬುದನ್ನು ವೈದ್ಯರು ಚರ್ಚಿಸಿದ್ದಾರೆ. ಆದರೆ ತಲೆಗೆ ಬೀಳುವ ಪೆಟ್ಟುಗಳು ಮಿದುಳಿಗೆ ಕೇಡು ಎಂಬುದರಲ್ಲಿ ಚರ್ಚೆಯಿಲ್ಲ. ತಲೆಕವಚ ಚರ್ಮ ಸೀಳದಂತೆ ಕಾಯುತ್ತದೆ, ಬುರುಡೆಯೊಳಗೆ ಮಿದುಳು ಅಲುಗುವುದನ್ನು ತಡೆಯಲಾರದು. ಮುಸ್ಲಿಮರ ಪಾಲಿಗೆ ಇನ್ನೊಂದು ಪ್ರಶ್ನೆಯೂ ಇದೆ. ಮುಖಕ್ಕೆ ಹೊಡೆಯುವುದನ್ನು ಪ್ರವಾದಿಯವರು (ಸ) ತಡೆದಿದ್ದಾರೆಂಬುದು ಹದೀಸ್ ಸಂಗ್ರಹಗಳಲ್ಲಿ ಪ್ರಸಿದ್ಧ. 1987ರಲ್ಲಿ ಮಕ್ಕಾದಲ್ಲಿ ಸೇರಿದ್ದ ಫಿಖ್ಹ್ ಮಂಡಳಿ ಇಂದಿನ ಬಾಕ್ಸಿಂಗ್ ಸಮ್ಮತವಲ್ಲ ಎಂದು ತೀರ್ಮಾನಿಸಿತು. ಕುಸ್ತಿಗೆ ಇಂಥ ಅಡ್ಡಿಯಿಲ್ಲ. ರುಕಾನಾ ಎಂಬ ಮಲ್ಲನೊಡನೆ ಪ್ರವಾದಿಯವರು ಸೆಣಸಿದ ಪ್ರಸಂಗ ಹೆಸರಾದದ್ದು. ಈ ಪ್ರಶ್ನೆಯನ್ನು ಬದಿಗೆ ತಳ್ಳಿ ಅಲಿಯನ್ನು ಮೆರೆಸುವುದು ಸುಲಭ. ಪ್ರಶ್ನೆಯನ್ನೂ ಅಲಿಯ ಮೇಲಿನ ಪ್ರೀತಿಯನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಪ್ರಾಮಾಣಿಕ ದಾರಿ ಎಂದು ನಮಗೆ ಅನ್ನಿಸುತ್ತದೆ. ಮಕ್ಕಳನ್ನು ಇದಕ್ಕೆ ಸೇರಿಸುವ ತಂದೆತಾಯಿ ಗುರುವಿನ ಬಳಿ ಕೇಳಬೇಕಾದ ಮೊದಲ ಮಾತೂ ಇದರಿಂದಲೇ ಹೊಮ್ಮುತ್ತದೆ: ಎಷ್ಟು ತಿಂಗಳು ಬರೀ ಹೆಜ್ಜೆ ಕಲಿಸುತ್ತೀರಿ, ಯಾವಾಗ ತಲೆಗೆ ಹೊಡೆಯಲು ಬಿಡುತ್ತೀರಿ? ಹೆಜ್ಜೆ ಕಲಿಸದೆ ಹೊಡೆದಾಟಕ್ಕೆ ಇಳಿಸುವವನ ಬಳಿ ಮಗುವನ್ನು ಬಿಡಬಾರದು.

ನಮ್ಮ ದೇಶದಲ್ಲಿ ಈ ಆಟ ಬಡವರ ಕೇರಿಗಳಲ್ಲೇ ಬೆಳೆಯಿತು. ಕೋಲ್ಕತಾದ ಖಿದಿರ್‌ಪುರದ ಮುಹಮ್ಮದ್ ಅಲಿ ಖಮರ್ 2002ರಲ್ಲಿ ಮ್ಯಾಂಚೆಸ್ಟರಿನಲ್ಲಿ, ಕಾಮನ್‌ವೆಲ್ತ್ ಕ್ರೀಡೆಗಳ ಬಾಕ್ಸಿಂಗ್‌ನಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದರು. ಮುಂದೆ ರಾಷ್ಟ್ರೀಯ ಮಹಿಳಾ ತಂಡಕ್ಕೆ ಕೋಚ್ ಆದರು. ತೆಲಂಗಾಣದ ನಿಜಾಮಾಬಾದಿನ ನಿಖತ್ ಜರೀನ್ 2022ರಲ್ಲಿ ಇಸ್ತಾಂಬುಲ್‌ನಲ್ಲಿ, 2023ರಲ್ಲಿ ದೆಹಲಿಯಲ್ಲಿ ವಿಶ್ವ ಚಾಂಪಿಯನ್ ಆದರು. ನಿಖತ್ ತರಬೇತಿ ಪಡೆದ ಜಾಗಗಳಲ್ಲಿ ಒಂದು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿಯ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್. ಅಲ್ಲಿಂದ ಹಂಪಿಗೆ ಒಂದು ತಾಸಿನ ದಾರಿಯೂ ಇಲ್ಲ. ಪಾಯಸ್ ಹಲ್ಲು ಮುರಿಯುವುದನ್ನು ಕಂಡ ಸೀಮೆಯಲ್ಲಿ ಐದು ನೂರು ವರ್ಷದ ನಂತರ ಒಬ್ಬ ಹುಡುಗಿ ಹೆಜ್ಜೆ ತಿದ್ದಿಕೊಂಡಳು. ಅವಳು ಯಾವ ದೊರೆಯ ಮುಂದೆಯೂ ರಕ್ತ ಸುರಿಸಬೇಕಿರಲಿಲ್ಲ. ಗಾಯಕ್ಕೆ ರೇಷ್ಮೆ ಸಿಗುವ ಕಾಲ ಹೋಗಿ, ಗಾಯವಾಗದಂತೆ ಅಂಕ ಗಳಿಸುವ ಕಾಲ ಬಂದಿದೆ.

ಒಂದು ಕೊರಗು ಮಾತ್ರ ಉಳಿಯುತ್ತದೆ. ಮೆಂಡೋಜಾ ತನ್ನ ವಿದ್ಯೆಯನ್ನು ತಾನೇ ಬರೆದ. ಗುಜರಾತಿನ ಜ್ಯೇಷ್ಠಿಮಲ್ಲರಿಗೆ ‘ಮಲ್ಲಪುರಾಣ’ವಿದೆ, ಅದು 1964ರಲ್ಲಿ ಬರೋಡದಿಂದ ಅಚ್ಚಾಗಿದೆ. ನಮ್ಮ ಜಟ್ಟಿಗಳ ಬಗ್ಗೆ ನಾವು ಇಲ್ಲಿ ಎತ್ತಿಕೊಂಡ ಮಾತುಗಳು ಮಾತ್ರ ದೊರೆಯವು, ಪ್ರವಾಸಿಗಳವು, ಕುದುರೆ ವ್ಯಾಪಾರಿಯವು, ಸೆರೆಯಾಳಿನವು. ಹೊರಗಿನಿಂದ ಬಂದ ಆ ಮೂವರೂ ಗಾಯವನ್ನು ನೋಡಿದರು, ಪಾದವನ್ನು ನೋಡಲಿಲ್ಲ. ಪಾದದ ವಿದ್ಯೆ ಗರಡಿಯಲ್ಲಿ ಉಸ್ತಾದನ ಬಾಯಿಂದ ಶಿಷ್ಯನ ಮೈಗೆ ದಾಟುತ್ತಾ ಬಂದಿದೆ. ಉಸ್ತಾದ್, ಪೈಲ್ವಾನ್ ಎಂಬ ಪಾರಸಿ ಮಾತುಗಳೂ, ಜಟ್ಟಿ, ಮಲ್ಲ ಎಂಬ ಸಂಸ್ಕೃತ ಮೂಲದ ಮಾತುಗಳೂ, ಪಟ್ಟು, ವರಸೆ ಎಂಬ ನಮ್ಮ ನುಡಿಗಳೂ ಒಂದೇ ಕೆಮ್ಮಣ್ಣಿನಲ್ಲಿ ಬೆರೆತಿರುವುದು ಆ ಗರಡಿಗಳಲ್ಲೇ. ಚನ್ನಪಟ್ಟಣದಲ್ಲೋ ಮೈಸೂರಿನಲ್ಲೋ ಇಂಥ ಹಿರಿಯರು ನಿಮ್ಮ ಪರಿಚಯದಲ್ಲಿದ್ದರೆ ಅವರ ಎದುರು ಕುಳಿತು ಕೇಳಿ: ಬಲಗೈ ಎತ್ತುವಾಗ ಎಡಪಾದ ಎಲ್ಲಿರಬೇಕು, ಹಿಮ್ಮಡಿ ನೆಲಕ್ಕೆ ತಾಗಬೇಕೋ ಬೇಡವೋ, ಉಸಿರು ಯಾವಾಗ ಬಿಡಬೇಕು? ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದಿಡಿ.